ಮೊದಲು ಊಟ, ಆಮೇಲೆ ತೂಕ: ಬಿಂಜ್ ಈಟಿಂಗ್ ಕಾಯಿಲೆಯ ಚಿಕಿತ್ಸೆಯಲ್ಲಿ ತೂಕದ ಪ್ರಶ್ನೆ



ಆರೋಗ್ಯದ ಒಂದು ವಿಷಯವನ್ನು ಜನಕ್ಕೆ ತಿಳಿಯುವ ಕನ್ನಡದಲ್ಲಿ ಹೇಳಬೇಕೆಂಬುದು ಈ ದತ್ತಿ ಉಪನ್ಯಾಸದ ಉದ್ದೇಶ. ಯಾವ ವಿಷಯವೆಂದು ಯೋಚಿಸಿದಾಗ, ಮನೋವೈದ್ಯನಾದ ನನ್ನ ಕೊಠಡಿಯಲ್ಲಿ ಮತ್ತೆ ಮತ್ತೆ ಕೇಳಿಬರುವ ಒಂದು ಪ್ರಶ್ನೆಯೇ ಮುಂದೆ ಬಂದು ನಿಂತಿತು: "ಡಾಕ್ಟ್ರೇ, ತಿನ್ನೋದು ಹಿಡಿತಕ್ಕೆ ಬಂತು. ಆದ್ರೆ ತೂಕ ಯಾಕೆ ಇಳೀತಿಲ್ಲ?" ಹೀಗೆ ಕೇಳುವವರು ಬಿಂಜ್ ಈಟಿಂಗ್ ಡಿಸಾರ್ಡರ್ ಎಂಬ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರು. ಪ್ರಶ್ನೆಯಲ್ಲಿ ನಿರಾಸೆ ಇರುತ್ತದೆ. ಚಿಕಿತ್ಸೆಯನ್ನೇ ಬಿಟ್ಟುಬಿಡೋಣ ಎಂಬ ಯೋಚನೆಯೂ ಎಷ್ಟೋ ಸಲ ಅದರೊಳಗೆ ಅಡಗಿರುತ್ತದೆ. ಹೊರಗೆ ಹತ್ತಾರು ಜನ ಕಾಯುತ್ತಿರುವಾಗ ಆ ಪ್ರಶ್ನೆಗೆ ನ್ಯಾಯ ಸಲ್ಲಿಸುವಷ್ಟು ಹೇಳಲು ಆಗುವುದಿಲ್ಲ. ಇವತ್ತು ಅದಕ್ಕೆ ಸಮಯವಿದೆ.

ಉಪನ್ಯಾಸದ ವ್ಯಾಪ್ತಿಯನ್ನು ಮೊದಲೇ ತಿಳಿಸುತ್ತೇನೆ. ಈ ಕಾಯಿಲೆ ಏನೆಂಬುದನ್ನು ಮೊದಲು ನೋಡೋಣ. ನಂತರ, ಚಿಕಿತ್ಸೆಯಿಂದ ತೂಕ ಎಷ್ಟು ಬದಲಾಗುತ್ತದೆಂದು ಸಂಶೋಧನೆಗಳು ಕಂಡುಕೊಂಡಿರುವುದನ್ನು ತಿಳಿಯೋಣ. ದೇಹ ಯಾಕೆ ಹಾಗೆ ನಡೆದುಕೊಳ್ಳುತ್ತದೆ ಎಂಬುದು ಮೂರನೆಯ ಮಾತು. ಕೊನೆಗೆ ಔಷಧಗಳು, ಸಕ್ಕರೆ ಕಾಯಿಲೆ, ಮನೆಯವರ ನಡವಳಿಕೆ ಮತ್ತು ನಮ್ಮ ರಾಜ್ಯದಲ್ಲಿ ಆಗಬೇಕಾದ ಕೆಲಸದ ಬಗ್ಗೆ ಮಾತನಾಡುತ್ತೇನೆ. ಬೊಜ್ಜಿನ ಚಿಕಿತ್ಸೆ ಬಹಳ ದೊಡ್ಡ ವಿಷಯ, ಅದನ್ನು ಪೂರ್ತಿಯಾಗಿ ಇಲ್ಲಿ ತರುವುದಿಲ್ಲ.

ಮೊದಲನೆಯದಾಗಿ, ಕಾಯಿಲೆಯ ಸ್ವರೂಪ. ಹಬ್ಬದಲ್ಲಿ ಹೋಳಿಗೆ ನಾಲ್ಕು ತಿಂದದ್ದು, ಮದುವೆಯೂಟದಲ್ಲಿ ಬಲವಂತಕ್ಕೆ ಇನ್ನೊಂದು ಸುತ್ತು ಬಡಿಸಿಕೊಂಡದ್ದು ಬಿಂಜ್ ಅಲ್ಲ. ಅಲ್ಲಿ ಸಂತೋಷವಿರುತ್ತದೆ, ಜೊತೆಗೆ ಜನರಿರುತ್ತಾರೆ, ಸಾಕೆನಿಸಿದಾಗ ಎಲೆ ಮಡಚುತ್ತೇವೆ. ಬಿಂಜ್‌ನಲ್ಲಿ ಆ 'ಸಾಕು' ಬರುವುದೇ ಇಲ್ಲ. ಸಾಮಾನ್ಯವಾಗಿ ಎರಡು ಗಂಟೆಯೊಳಗಿನ ಅವಧಿಯಲ್ಲಿ, ಅದೇ ಸನ್ನಿವೇಶದಲ್ಲಿ ಬೇರೆಯವರು ತಿನ್ನುವುದಕ್ಕಿಂತ ಸ್ಪಷ್ಟವಾಗಿ ಹೆಚ್ಚು ತಿನ್ನುವುದು, ತಿನ್ನುತ್ತಿರುವಾಗ ನಿಲ್ಲಿಸಲು ತನ್ನ ಕೈಯಲ್ಲಿಲ್ಲ ಎನಿಸುವುದು, ಇವೆರಡೂ ಸೇರಿರಬೇಕು. ಗಬಗಬನೆ ನುಂಗುವುದು, ಹಸಿವಿಲ್ಲದೆ ತಿನ್ನುವುದು, ಹೊಟ್ಟೆ ನೋಯುವ ತನಕ ತಿನ್ನುವುದು, ನಾಚಿಕೆಯಿಂದ ಒಬ್ಬರೇ ಕೂತು ತಿನ್ನುವುದು, ಆಮೇಲೆ ತನ್ನ ಬಗ್ಗೆಯೇ ಹೇಸಿಗೆ ಪಡುವುದು, ಈ ಐದರಲ್ಲಿ ಮೂರಾದರೂ ಕಾಣಬೇಕು. ವಾರಕ್ಕೊಮ್ಮೆಯಾದರೂ ಹೀಗಾಗುತ್ತ ಮೂರು ತಿಂಗಳು ಮುಂದುವರಿದು, ಅದರಿಂದ ತೀವ್ರವಾದ ನೋವಾಗುತ್ತಿದ್ದರೆ ಅದನ್ನು ಕಾಯಿಲೆ ಎನ್ನುತ್ತೇವೆ. ತಿಂದದ್ದನ್ನು ವಾಂತಿ ಮಾಡುವುದು, ಭೇದಿ ಮಾತ್ರೆ ನುಂಗುವುದು ಪದೇ ಪದೇ ನಡೆಯುತ್ತಿದ್ದರೆ ಅದು ಬುಲಿಮಿಯಾ ಎಂಬ ಬೇರೆ ಕಾಯಿಲೆ.

ಅಮೆರಿಕದ ಮನೋವೈದ್ಯ ಆಲ್ಬರ್ಟ್ ಸ್ಟಂಕರ್ಡ್ 1959ರಲ್ಲಿ ತಮ್ಮ ಸ್ಥೂಲಕಾಯದ ರೋಗಿಗಳಲ್ಲಿ ಕೆಲವರು ಹೀಗೆ ತಿನ್ನುವುದನ್ನು ವಿವರಿಸಿ ಬರೆದರು. ಅದಕ್ಕೆ ಪೂರ್ಣ ಕಾಯಿಲೆಯ ಸ್ಥಾನ ಸಿಗಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ 1994ರಲ್ಲಿ ಇದನ್ನು ಹೆಚ್ಚಿನ ಅಧ್ಯಯನ ಬೇಕಾದ ವಿಷಯವೆಂದು ಅನುಬಂಧದಲ್ಲಿ ಇಟ್ಟಿತ್ತು. 2013ರ ಐದನೆಯ ಆವೃತ್ತಿಯಲ್ಲಿ ಇದು ಸ್ವತಂತ್ರ ಕಾಯಿಲೆಯಾಗಿ ಸೇರಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರಲ್ಲಿ ಜಾರಿಗೆ ಬಂದಾಗ ಅಲ್ಲಿಯೂ ಇದಕ್ಕೆ ಪ್ರತ್ಯೇಕ ಜಾಗ ದೊರೆಯಿತು. 2007ರಲ್ಲಿ ಪ್ರಕಟವಾದ ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಅಲ್ಲಿನ ಶೇ. 3.5 ಮಹಿಳೆಯರು ಮತ್ತು ಶೇ. 2 ಪುರುಷರು ಜೀವನದ ಯಾವುದೋ ಘಟ್ಟದಲ್ಲಿ ಈ ಕಾಯಿಲೆಯನ್ನು ಅನುಭವಿಸಿದ್ದಾರೆ. ಪುರುಷರ ಸಂಖ್ಯೆಯನ್ನು ಗಮನಿಸಿ. ತಿನ್ನುವುದಕ್ಕೆ ಸಂಬಂಧಿಸಿದ ಕಾಯಿಲೆಗಳೆಲ್ಲ ಹುಡುಗಿಯರವು ಎಂಬ ನಂಬಿಕೆಯಿಂದಾಗಿ ಗಂಡಸರು ನಮ್ಮ ಬಳಿ ಬರುವುದು ತೀರ ತಡವಾಗಿ.

ನಾನು ಈಗ ಓದಿದ ಲಕ್ಷಣಗಳಲ್ಲಿ ಒಂದು ಪದ ಎಲ್ಲಿಯೂ ಬರಲಿಲ್ಲ: ತೂಕ. ಈ ಕಾಯಿಲೆಯನ್ನು ಗುರುತಿಸಲು ಇಂತಿಷ್ಟು ಕಿಲೋ ಇರಬೇಕೆಂಬ ನಿಯಮವಿಲ್ಲ. ತೀವ್ರತೆಯನ್ನು ಅಳೆಯುವುದೂ ವಾರಕ್ಕೆ ಎಷ್ಟು ಬಿಂಜ್ ಎಂಬುದರ ಮೇಲೆ: ಒಂದರಿಂದ ಮೂರಾದರೆ ಸೌಮ್ಯ, ಹದಿನಾಲ್ಕು ಅಥವಾ ಅದಕ್ಕಿಂತ ಹೆಚ್ಚಾದರೆ ಅತಿ ತೀವ್ರ. ಚಿಕಿತ್ಸೆಗೆ ಬರುವ ಬಹಳಷ್ಟು ಜನರ ತೂಕ ಹೆಚ್ಚಿರುತ್ತದೆ, ನಿಜ. ಆದರೆ ಸಾಧಾರಣ ತೂಕದವರಲ್ಲೂ ಈ ಕಾಯಿಲೆ ಇದೆ. ತೂಕ ಹೆಚ್ಚಿರುವ ಬಹುಪಾಲು ಜನರಿಗೆ ಈ ಕಾಯಿಲೆ ಇಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಮನೆಯಲ್ಲಿ, ಓಣಿಯಲ್ಲಿ, ಎಷ್ಟೋ ಸಲ ಆಸ್ಪತ್ರೆಯಲ್ಲಿ ಕೂಡ, ಇವರನ್ನು ಮೊದಲು ಅಳೆಯುವುದು ಕಣ್ಣಿನಿಂದ. ದಪ್ಪಗಿದ್ದರೆ ಹೊಟ್ಟೆಬಾಕ ಎನ್ನುತ್ತಾರೆ, ತೆಳ್ಳಗಿದ್ದರೆ "ನಿನಗೇನಾಗಿದೆ, ಚೆನ್ನಾಗಿ ತಿನ್ನು" ಎನ್ನುತ್ತಾರೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ದೀಪ ಹಾಕದೆ, ಉಳಿದ ಅನ್ನ, ಡಬ್ಬಿಯ ಮಿಕ್ಸ್ಚರ್, ಮಗುವಿಗೆಂದು ತಂದ ಬಿಸ್ಕತ್ತು, ಕೊನೆಗೆ ಬರಿಯ ಸಕ್ಕರೆಯನ್ನೂ ತಿಂದು ಮುಗಿಸುವ ಮನುಷ್ಯನ ಸಂಕಟ ಎರಡೂ ಕಡೆಯವರಿಗೆ ಕಾಣುವುದಿಲ್ಲ.

ಇನ್ನು ಎರಡನೆಯ ಭಾಗಕ್ಕೆ ಬರೋಣ: ಚಿಕಿತ್ಸೆಯಿಂದ ಏನಾಗುತ್ತದೆ?

ಈ ಕಾಯಿಲೆಗೆ ಹೆಚ್ಚು ಪರೀಕ್ಷೆಗೊಳಗಾದ ಚಿಕಿತ್ಸೆಯೆಂದರೆ ಅರಿವು ಮತ್ತು ನಡವಳಿಕೆಯ ಚಿಕಿತ್ಸೆ, ನಾವು ಸಿಬಿಟಿ ಎನ್ನುವುದು. ಆಕ್ಸ್‌ಫರ್ಡ್‌ನ ಕ್ರಿಸ್ಟೋಫರ್ ಫೇರ್‌ಬರ್ನ್ ಇದನ್ನು ಮೊದಲು ಬುಲಿಮಿಯಾ ರೋಗಿಗಳಿಗಾಗಿ ರೂಪಿಸಿ 1981ರಲ್ಲಿ ಪ್ರಕಟಿಸಿದರು, ಆಮೇಲೆ ಬಿಂಜ್ ಕಾಯಿಲೆಗೂ ಹೊಂದಿಸಿದರು. ಜನರೊಂದಿಗಿನ ಸಂಬಂಧಗಳ ತೊಡಕನ್ನು ಬಿಡಿಸುವ ಇನ್ನೊಂದು ಚಿಕಿತ್ಸೆಯಿದೆ, ಅದನ್ನು ಐಪಿಟಿ ಎನ್ನುತ್ತೇವೆ. ಡೆನಿಸ್ ವಿಲ್ಫ್ಲಿ ಮತ್ತು ಸಂಗಡಿಗರು ಈ ಎರಡನ್ನೂ 162 ರೋಗಿಗಳಲ್ಲಿ ಹೋಲಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಚಿಕಿತ್ಸೆ ಮುಗಿದಾಗ ಸಿಬಿಟಿ ಪಡೆದವರಲ್ಲಿ ಶೇ. 79, ಐಪಿಟಿ ಪಡೆದವರಲ್ಲಿ ಶೇ. 73 ಮಂದಿಗೆ ಬಿಂಜ್ ನಿಂತಿತ್ತು. ಒಂದು ವರ್ಷದ ನಂತರವೂ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಶೇ. 60 ಮಂದಿ ಚೇತರಿಕೆಯಲ್ಲಿದ್ದರು. ಮನಸ್ಸಿನ ಕಾಯಿಲೆಯೊಂದಕ್ಕೆ ಇದು ಬಹಳ ಒಳ್ಳೆಯ ಫಲಿತಾಂಶ. ಆದರೆ ಅದೇ ಅಧ್ಯಯನದಲ್ಲಿ ಅವರ ತೂಕ ಇಳಿದದ್ದು ಅತ್ಯಲ್ಪ.

ಹಾಗಾದರೆ ನೇರವಾಗಿ ತೂಕ ಇಳಿಸುವ ಕಾರ್ಯಕ್ರಮವನ್ನೇ ಕೊಡಬಾರದೇ? ಇದು ನ್ಯಾಯವಾದ ಪ್ರಶ್ನೆ, ಇದನ್ನೂ ಪರೀಕ್ಷಿಸಿದ್ದಾರೆ. ಯೇಲ್ ವಿಶ್ವವಿದ್ಯಾಲಯದ ಕಾರ್ಲೋಸ್ ಗ್ರಿಲೊ ಮತ್ತು ಸಂಗಡಿಗರು ಸ್ಥೂಲಕಾಯವೂ ಬಿಂಜ್ ಕಾಯಿಲೆಯೂ ಇರುವ 125 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಸಿಬಿಟಿ, ಇನ್ನೊಂದಕ್ಕೆ ಆಹಾರ ಮತ್ತು ವ್ಯಾಯಾಮದ ಶಿಸ್ತಿನ ತೂಕ ಇಳಿಕೆ ಕಾರ್ಯಕ್ರಮ, ಮೂರನೆಯದಕ್ಕೆ ಮೊದಲು ಸಿಬಿಟಿ, ಬಳಿಕ ತೂಕ ಇಳಿಕೆ. 2011ರಲ್ಲಿ ಪ್ರಕಟವಾದ ಫಲಿತಾಂಶವನ್ನು ನಿಧಾನವಾಗಿ ಓದುತ್ತೇನೆ. ಚಿಕಿತ್ಸೆ ಮುಗಿದು ಹನ್ನೆರಡು ತಿಂಗಳಾದಾಗ ಬಿಂಜ್ ನಿಂತಿದ್ದವರು ಸಿಬಿಟಿಯಲ್ಲಿ ಶೇ. 51, ತೂಕ ಇಳಿಕೆ ಗುಂಪಿನಲ್ಲಿ ಶೇ. 36, ಎರಡೂ ಪಡೆದವರಲ್ಲಿ ಶೇ. 40. ದೇಹತೂಕ ಸೂಚ್ಯಂಕದ ಸರಾಸರಿ ಇಳಿಕೆ ಕ್ರಮವಾಗಿ ಶೇ. 0.9, ಶೇ. 2.1 ಮತ್ತು ಶೇ. 1.5.

ಈ ಶೇಕಡಾವಾರು ಲೆಕ್ಕವನ್ನು ಕಿಲೋಗೆ ಇಳಿಸಿ ನೋಡೋಣ. 80 ಕಿಲೋ ತೂಗುವ ಒಬ್ಬ ವ್ಯಕ್ತಿಗೆ ಸಿಬಿಟಿಯಿಂದ ಒಂದು ವರ್ಷದ ನಂತರ ಇಳಿದದ್ದು ಸುಮಾರು 700 ಗ್ರಾಂ. ತೂಕ ಇಳಿಸುವುದಕ್ಕೆಂದೇ ಮಾಡಿದ ಕಾರ್ಯಕ್ರಮದಿಂದ ಇಳಿದದ್ದು ಸುಮಾರು ಒಂದೂ ಮುಕ್ಕಾಲು ಕಿಲೋ. ಎರಡರ ನಡುವಿನ ವ್ಯತ್ಯಾಸ ಒಂದು ಕಿಲೋ. ಆ ಒಂದು ಕಿಲೋಗಾಗಿ ಬಿಂಜ್‌ನಿಂದ ಬಿಡುಗಡೆಯಾಗುವ ಸಾಧ್ಯತೆಯನ್ನು ಶೇ. 51ರಿಂದ 36ಕ್ಕೆ ಇಳಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಒಳ್ಳೆಯ ವ್ಯಾಪಾರವಲ್ಲ. ಟೆರೆನ್ಸ್ ವಿಲ್ಸನ್ ಮತ್ತು ಸಂಗಡಿಗರು ಮೂರು ಚಿಕಿತ್ಸೆಗಳಲ್ಲಿ ಒಂದನ್ನು ಪಡೆದ 205 ಮಂದಿಯನ್ನು ಎರಡು ವರ್ಷ ಹಿಂಬಾಲಿಸಿ 2010ರಲ್ಲಿ ಬರೆದದ್ದೂ ಇದೇ ದಿಕ್ಕಿನಲ್ಲಿದೆ. ಚಿಕಿತ್ಸೆ ಮುಗಿದ ಹೊತ್ತಿಗೆ ತೂಕ ಇಳಿಕೆ ಗುಂಪು ಕಿಲೋ ಲೆಕ್ಕದಲ್ಲಿ ಮುಂದಿತ್ತು. ಎರಡು ವರ್ಷವಾದಾಗ ಆ ಮುನ್ನಡೆ ಉಳಿಯಲಿಲ್ಲ, ಬಿಂಜ್ ವಿಷಯದಲ್ಲಿ ಮಾತ್ರ ಅದು ಉಳಿದ ಎರಡು ಚಿಕಿತ್ಸೆಗಳಿಗಿಂತ ಹಿಂದೆ ಬಿದ್ದಿತ್ತು.

ಒಂದು ಮಾತನ್ನು ಪ್ರಾಮಾಣಿಕವಾಗಿ ಸೇರಿಸಬೇಕು. ಪಥ್ಯ ಮಾಡಿಸಿದರೆ ಬಿಂಜ್ ಕೆರಳಿಯೇ ಕೆರಳುತ್ತದೆ ಎಂದು ಕೆಲವರು ಹೇಳುತ್ತಾರೆ. ತಜ್ಞರ ಉಸ್ತುವಾರಿಯಲ್ಲಿ, ಹಿತಮಿತವಾಗಿ ನಡೆದ ಕಾರ್ಯಕ್ರಮಗಳಲ್ಲಿ ಹಾಗಾಗಿಲ್ಲ, ಅಲ್ಲಿಯೂ ಹಲವರ ಬಿಂಜ್ ಕಡಿಮೆಯಾಗಿದೆ. ಉಸ್ತುವಾರಿಯಿಲ್ಲದೆ, ಮೊಬೈಲ್‌ನಲ್ಲಿ ಕಂಡದ್ದನ್ನು ನೋಡಿ ಮಾಡುವ ಕಠಿಣ ಪಥ್ಯದ ಕತೆ ಬೇರೆ. ನಾನು ಹೆದರುವುದು ಅದಕ್ಕೆ.

ಗ್ರಿಲೊ ಅವರ ಅಧ್ಯಯನದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಯಾವ ಗುಂಪಿನವರೇ ಆಗಲಿ, ಬಿಂಜ್ ಪೂರ್ತಿ ನಿಂತವರ ತೂಕ ನಿಲ್ಲದವರಿಗಿಂತ ಹೆಚ್ಚು ಇಳಿದಿತ್ತು. ಎಂದರೆ ತೂಕಕ್ಕೂ ಚೇತರಿಕೆಗೂ ಸಂಬಂಧ ಇದೆ. ಆದರೆ ದಾರಿ ಬಿಂಜ್ ನಿಲ್ಲುವುದರಿಂದ ಶುರುವಾಗುತ್ತದೆ. ಇಂಗ್ಲೆಂಡಿನ ನೈಸ್ ಸಂಸ್ಥೆ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಈ ಕಾರಣಕ್ಕೇ ವೈದ್ಯರಿಗೆ ಒಂದು ಸೂಚನೆ ಕೊಟ್ಟಿದೆ. ಈ ಮಾನಸಿಕ ಚಿಕಿತ್ಸೆಯಿಂದ ದೇಹತೂಕದ ಮೇಲಾಗುವ ಪರಿಣಾಮ ಸೀಮಿತ, ತೂಕ ಇಳಿಸುವುದು ಚಿಕಿತ್ಸೆಯ ಗುರಿಯಲ್ಲ ಎಂಬುದನ್ನು ರೋಗಿಗೆ ಮೊದಲೇ ವಿವರಿಸಬೇಕು. ಮೊದಲೇ, ಎಂಬ ಮಾತಿಗೆ ಬೆಲೆಯಿದೆ. ಆರು ತಿಂಗಳ ನಂತರ ಹೇಳಿದರೆ ಅದು ಸಮಜಾಯಿಷಿಯಂತೆ ಕೇಳಿಸುತ್ತದೆ.

ಸರಾಸರಿ ಎಂಬ ಪದ ಬಳಸುವಾಗ ಒಂದು ಎಚ್ಚರ ಬೇಕು. ಸರಾಸರಿ ಸೊನ್ನೆಯ ಹತ್ತಿರವಿದ್ದರೂ ಅದರೊಳಗೆ ಐದಾರು ಕಿಲೋ ಇಳಿದವರಿದ್ದಾರೆ, ಎರಡು ಮೂರು ಕಿಲೋ ಏರಿದವರಿದ್ದಾರೆ, ಎಲ್ಲಿದ್ದರೋ ಅಲ್ಲೇ ಇರುವವರಿದ್ದಾರೆ. ಚಿಕಿತ್ಸೆಗೆ ಬರುವವರಲ್ಲಿ ಅನೇಕರ ತೂಕ ಅದಕ್ಕೂ ಮುಂಚಿನ ತಿಂಗಳುಗಳಲ್ಲಿ ಏರುತ್ತಲೇ ಇರುತ್ತದೆ, ಅವರನ್ನು ನಮ್ಮ ಬಾಗಿಲಿಗೆ ತರುವುದೂ ಅದೇ. ಅಂಥವರ ತೂಕ ಒಂದು ವರ್ಷ ಅಲುಗದೆ ನಿಂತರೆ ಅದೊಂದು ದೊಡ್ಡ ಬದಲಾವಣೆ. ಒಡೆದ ಏರಿಯನ್ನು ಕಟ್ಟಿದ ತಕ್ಷಣ ಕೆರೆ ತುಂಬುವುದಿಲ್ಲ, ಆದರೆ ನೀರು ಕೊಚ್ಚಿ ಹೋಗುವುದು ಅಂದೇ ನಿಲ್ಲುತ್ತದೆ. ತೂಕದ ಯಂತ್ರಕ್ಕೆ ಈ ನಿಲುಗಡೆಯನ್ನು ತೋರಿಸಲು ಬರುವುದಿಲ್ಲ. ಅದು ಇಂದಿನ ಅಂಕಿಯನ್ನು ಮಾತ್ರ ತೋರಿಸುತ್ತದೆ.

ಈಗ ಮೂರನೆಯ ವಿಷಯ, ದೇಹದ ಲೆಕ್ಕಾಚಾರ. ಬಿಂಜ್ ನಿಂತ ಮೇಲೂ ತೂಕ ಯಾಕೆ ಅಷ್ಟಾಗಿ ಇಳಿಯುವುದಿಲ್ಲ?

ಇದಕ್ಕೆ ಉತ್ತರದ ಒಂದು ಭಾಗ ಚಿಕಿತ್ಸೆಯ ಮೊದಲ ಮೆಟ್ಟಿಲಲ್ಲೇ ಇದೆ. ನಮ್ಮಲ್ಲಿಗೆ ಬರುವ ಅನೇಕರ ದಿನಚರಿಯನ್ನು ಸೇರಿಸಿ ಒಂದು ಚಿತ್ರ ಕೊಡುತ್ತೇನೆ, ಇದು ಯಾರೊಬ್ಬರ ಕತೆಯೂ ಅಲ್ಲ. ಹಿಂದಿನ ರಾತ್ರಿ ಬಿಂಜ್ ಆಗಿದೆ. ಬೆಳಿಗ್ಗೆ ಪಶ್ಚಾತ್ತಾಪ, ತಿಂಡಿ ಬೇಡ, ಬರೀ ಕಾಫಿ. ಆಫೀಸಿನಲ್ಲಿ ಎಲ್ಲರೂ ಡಬ್ಬಿ ಬಿಚ್ಚಿದಾಗ ಸೌತೆಕಾಯಿ, ಮಜ್ಜಿಗೆ. ಸಂಜೆ ಐದಕ್ಕೆ ತಲೆನೋವು, ಸಿಡುಕು. ಮನೆಗೆ ಬರುವ ದಾರಿಯಲ್ಲಿ ಅಯ್ಯಂಗಾರ್ ಬೇಕರಿಯ ಮುಂದೆ ಗಾಡಿ ತಾನಾಗಿ ನಿಲ್ಲುತ್ತದೆ. ಒಂದು ವೆಜ್ ಪಫ್ ತಿಂದದ್ದೇ ತಡ, "ಇವತ್ತು ಹೇಗೂ ಹಾಳಾಯ್ತು, ಸೋಮವಾರದಿಂದ ಶುರು ಮಾಡಿದರಾಯ್ತು" ಎಂಬ ಮಾತು ಮನಸ್ಸಿಗೆ ಬರುತ್ತದೆ. ದಿಲ್‌ಪಸಂದ್, ಕಾಂಗ್ರೆಸ್ ಕಡಲೆಬೀಜ, ಬೆಣ್ಣೆ ಬಿಸ್ಕತ್ತು ಪೊಟ್ಟಣವಾಗಿ ಕೈಗೆ ಬರುತ್ತವೆ. ರಾತ್ರಿ ಮತ್ತೆ ಅದೇ. ಈ ಚಕ್ರದಲ್ಲಿ ಬಿಂಜ್‌ನಷ್ಟೇ ಮುಖ್ಯವಾದದ್ದು ಅದರ ಮುಂಚಿನ ಉಪವಾಸ.

'ಹೇಗೂ ಹಾಳಾಯ್ತು' ಎಂಬ ಈ ಮನಃಸ್ಥಿತಿಯನ್ನು ಪ್ರಯೋಗದಲ್ಲೂ ಹಿಡಿದಿದ್ದಾರೆ. ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ 1975ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ವಿದ್ಯಾರ್ಥಿನಿಯರಿಗೆ ಮೊದಲು ಮಿಲ್ಕ್‌ಶೇಕ್ ಕೊಟ್ಟು, ನಂತರ ರುಚಿ ನೋಡುವ ನೆಪದಲ್ಲಿ ಐಸ್‌ಕ್ರೀಮ್ ಮುಂದಿಟ್ಟರು. ಪಥ್ಯದ ಚಿಂತೆಯಿಲ್ಲದವರು ಮಿಲ್ಕ್‌ಶೇಕ್ ಕುಡಿದದ್ದರಿಂದ ಐಸ್‌ಕ್ರೀಮ್ ಕಡಿಮೆ ತಿಂದರು. ಸದಾ ತಮ್ಮನ್ನು ಬಿಗಿಹಿಡಿದುಕೊಳ್ಳುವವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮ್ ಹೆಚ್ಚು ತಿಂದರು. ನಿಯಮ ಒಮ್ಮೆ ಮುರಿಯಿತು, ಇನ್ನು ತಡೆಯೇಕೆ ಎಂಬ ಭಾವ ಅದು.

ಅದಕ್ಕಿಂತ ಮೂವತ್ತು ವರ್ಷ ಹಿಂದೆ ಇನ್ನೂ ಕಠೋರವಾದ ಅಧ್ಯಯನ ನಡೆದಿತ್ತು. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ, 1944ರ ನವೆಂಬರ್‌ನಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಆರೋಗ್ಯವಂತ ಗಂಡಸರನ್ನು ಅಧ್ಯಯನಕ್ಕೆ ಸೇರಿಸಿಕೊಂಡರು. ಯುದ್ಧದಲ್ಲಿ ಆಯುಧ ಹಿಡಿಯಲು ಮನಸ್ಸೊಪ್ಪದೆ, ಬದಲಿ ಸೇವೆಯಾಗಿ ತಾವಾಗಿ ಮುಂದೆ ಬಂದವರು ಅವರು. 24 ವಾರ ಅವರನ್ನು ಅರೆಹೊಟ್ಟೆಯಲ್ಲಿಟ್ಟರು, ಮೈತೂಕದ ಸುಮಾರು ಕಾಲುಭಾಗ ಇಳಿಯಿತು. ಆ ದಿನಗಳಲ್ಲಿ ಅವರು ಊಟದ ಬಗ್ಗೆಯೇ ಕನಸು ಕಂಡರು, ಅಡುಗೆ ಪುಸ್ತಕ ಓದುತ್ತ ಕೂತರು. ಮತ್ತೆ ಬೇಕಾದಷ್ಟು ತಿನ್ನಲು ಬಿಟ್ಟಾಗ ಕೆಲವರು ಹೊಟ್ಟೆ ಬಿರಿಯುವಂತೆ ತಿಂದರೂ ಹಸಿವು ತೀರಲಿಲ್ಲ ಎಂದರು. ಇವರ್ಯಾರಿಗೂ ಮೊದಲು ತಿನ್ನುವ ಕಾಯಿಲೆ ಇರಲಿಲ್ಲ. ಹಸಿವಿಗೆ ಸಿಕ್ಕ ದೇಹ ಮತ್ತು ಮನಸ್ಸು ನಡೆದುಕೊಂಡ ರೀತಿ ಅದು. ಬಿಂಜ್ ಮಾಡುವವರನ್ನು ಮನೋಬಲವಿಲ್ಲದವರು ಎಂದು ಕರೆಯುವ ಮುಂಚೆ ಆ 36 ಜನರನ್ನು ನೆನೆಯಬೇಕೆಂದು ನಾನು ವಿದ್ಯಾರ್ಥಿಗಳಿಗೆ ಯಾವಾಗಲೂ ಹೇಳುತ್ತೇನೆ.

ಆದ್ದರಿಂದ ಸಿಬಿಟಿಯ ಆರಂಭದ ಕೆಲಸ ಹೊತ್ತುಹೊತ್ತಿಗೆ ತಿನ್ನಿಸುವುದು. ಮೂರು ಊಟ, ನಡುವೆ ಎರಡು ಮೂರು ಸಣ್ಣ ತಿಂಡಿ, ಎರಡರ ನಡುವೆ ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಬೇಡ. ಬೆಳಗಿನ ತಿಂಡಿ, ಹನ್ನೊಂದಕ್ಕೆ ಹಣ್ಣೋ ಮತ್ತೊಂದೋ, ಮಧ್ಯಾಹ್ನದ ಊಟ, ಸಂಜೆ ಕಾಫಿಯ ಜೊತೆ ಏನಾದರೂ, ರಾತ್ರಿ ಊಟ. ನಮ್ಮ ಮನೆಗಳಿಗೆ ಇದು ಹೊಸ ವೇಳಾಪಟ್ಟಿಯೇನಲ್ಲ. ಆದರೆ ವರ್ಷಗಟ್ಟಲೆ ತಿಂಡಿ ಬಿಟ್ಟವರಿಗೆ ಬೆಳಿಗ್ಗೆ ಎರಡು ಇಡ್ಲಿ ತಿನ್ನುವುದೆಂದರೆ ಎದೆ ನಡುಗುತ್ತದೆ. "ಇದನ್ನೂ ತಿಂದು, ರಾತ್ರಿ ಅದನ್ನೂ ತಿಂದರೆ ಗತಿಯೇನು ಡಾಕ್ಟ್ರೇ?" ಎಂದು ಕೇಳುತ್ತಾರೆ. ಹಗಲು ಹೊಟ್ಟೆ ತುಂಬಿದ್ದರೆ ರಾತ್ರಿಯ ಎಳೆತ ಸಡಿಲವಾಗುತ್ತದೆ ಎಂಬುದನ್ನು ಅವರು ತಾವೇ ಕಂಡುಕೊಳ್ಳಬೇಕು, ಅದಕ್ಕೆ ಕೆಲವು ವಾರ ಬೇಕು. ಲೆಕ್ಕ ಈಗ ಸ್ಪಷ್ಟವಾಗುತ್ತದೆ: ಬಿಂಜ್‌ನಲ್ಲಿ ಹೋಗುತ್ತಿದ್ದ ಆಹಾರ ಕಡಿಮೆಯಾಯಿತು, ಬಿಟ್ಟಿದ್ದ ತಿಂಡಿ ಊಟ ವಾಪಸು ಬಂತು. ಒಟ್ಟು ಮೊತ್ತ ಬಹಳ ಬದಲಾಗದಿರಬಹುದು.

ಎರಡನೆಯ ಕಾರಣ ನೀರು. ನಮ್ಮ ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ರೂಪದಲ್ಲಿ ಸಕ್ಕರೆಯ ದಾಸ್ತಾನು ಇರುತ್ತದೆ, ಸುಮಾರು 400ರಿಂದ 500 ಗ್ರಾಂ. ಪ್ರತಿ ಗ್ರಾಂ ಗ್ಲೈಕೋಜನ್ ತನ್ನೊಡನೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅನ್ನ, ರಾಗಿ, ಚಪಾತಿ ಎಲ್ಲ ಬಿಟ್ಟು ಪಥ್ಯ ಹಿಡಿದವರಿಗೆ ಮೊದಲ ವಾರವೇ ಎರಡು ಕಿಲೋ ಇಳಿದದ್ದು ಕಾಣುತ್ತದಲ್ಲ, ಅದರಲ್ಲಿ ಹೆಚ್ಚಿನದು ಈ ದಾಸ್ತಾನು ಮತ್ತು ನೀರು. ಸರಿಯಾಗಿ ಊಟ ಶುರು ಮಾಡಿದಾಗ ಅದೇ ಒಂದೆರಡು ಕಿಲೋ ಮರಳಿ ಬರುತ್ತದೆ. ಅದು ಕೊಬ್ಬಲ್ಲ. ಉಪ್ಪು ಹೆಚ್ಚಾದರೆ, ಮಲಬದ್ಧತೆಯಾದರೆ, ಮುಟ್ಟಿನ ಮುಂಚಿನ ದಿನಗಳಲ್ಲಿ ಕೂಡ ತೂಕ ಹೀಗೆ ಏರಿಳಿಯುತ್ತದೆ. ಚಿಕಿತ್ಸೆಯ ಎರಡನೆಯ ಮೂರನೆಯ ವಾರದಲ್ಲಿ ಈ ಏರಿಕೆ ಕಂಡು ಗಾಬರಿಯಾಗಿ ಮತ್ತೆ ಉಪವಾಸಕ್ಕೆ ಇಳಿದು, ಅದರ ಬೆನ್ನಿಗೇ ಬಿಂಜ್‌ಗೆ ಮರಳುವವರನ್ನು ನೋಡಿದಾಗ ಮನಸ್ಸಿಗೆ ತುಂಬಾ ನೋವಾಗುತ್ತದೆ. ಈ ಒಂದು ವಿಷಯವನ್ನು ಯಾರಾದರೂ ಮುಂಚೆ ಹೇಳಿದ್ದರೆ ಎಷ್ಟೋ ಜನ ಉಳಿಯುತ್ತಿದ್ದರು.

ಇದಕ್ಕಾಗಿಯೇ ಸಿಬಿಟಿಯಲ್ಲಿ ತೂಕ ನೋಡುವುದಕ್ಕೂ ಒಂದು ಕ್ರಮವಿದೆ: ವಾರಕ್ಕೆ ಒಂದು ದಿನ, ಒಂದು ಸಲ. ದಿನಕ್ಕೆ ಮೂರು ಸಲ ಯಂತ್ರ ಹತ್ತುವವರೂ ಅದಕ್ಕೆ ಬರಬೇಕು, ಅಂಕಿ ನೋಡಲು ಹೆದರಿ ವರ್ಷಗಳಿಂದ ತಪ್ಪಿಸಿಕೊಂಡವರೂ ಅದಕ್ಕೇ ಬರಬೇಕು. ಒಂದು ವಾರದ ಅಂಕಿಯಿಂದ ಯಾವ ತೀರ್ಮಾನಕ್ಕೂ ಬರುವುದಿಲ್ಲ, ನಾಲ್ಕು ವಾರದ ಅಂಕಿಗಳನ್ನು ಒಟ್ಟಿಗಿಟ್ಟು ದಿಕ್ಕು ನೋಡುತ್ತೇವೆ.

ಮೂರನೆಯ ಕಾರಣ, ತೂಕ ಇಳಿದಾಗ ದೇಹ ತೋರುವ ಪ್ರತಿರೋಧ. ರುಡಾಲ್ಫ್ ಲೈಬೆಲ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದಂತೆ, ತೂಕ ಶೇ. 10ರಷ್ಟು ಇಳಿದಾಗ ದೇಹ ಖರ್ಚು ಮಾಡುವ ಶಕ್ತಿ, ಇಳಿದ ತೂಕಕ್ಕೆ ಲೆಕ್ಕ ಹಾಕಿದರೆ ಆಗಬೇಕಾದದ್ದಕ್ಕಿಂತಲೂ ಹೆಚ್ಚು ತಗ್ಗುತ್ತದೆ. ಹಲವು ಸಲ ಪಥ್ಯ ಮಾಡಿ, ಇಳಿಸಿ, ಏರಿಸಿಕೊಂಡವರೇ ನಮ್ಮ ರೋಗಿಗಳಲ್ಲಿ ಹೆಚ್ಚು. ಅವರ ದೇಹದ ಎದುರು ಕಠಿಣ ಶಿಸ್ತಿನ ಮಾತಾಡುವಾಗ ನಾವು ಇದನ್ನು ಮರೆಯಬಾರದು.

ಈಗ ಔಷಧಗಳ ವಿಚಾರಕ್ಕೆ ಬರುತ್ತೇನೆ, ಇದನ್ನು ಬೇಗ ಮುಗಿಸುತ್ತೇನೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರ ಜನವರಿಯಲ್ಲಿ ಲಿಸ್‌ಡೆಕ್ಸ್‌ಆಂಫೆಟಮಿನ್ ಎಂಬ ಮಾತ್ರೆಯನ್ನು ಮಧ್ಯಮ ಮತ್ತು ತೀವ್ರ ಬಿಂಜ್ ಕಾಯಿಲೆಗೆ ಒಪ್ಪಿತು. ಇದನ್ನು ತೂಕ ಇಳಿಸಲು ಕೊಡಬಾರದು ಎಂದು ಅದರ ಜೊತೆಗಿನ ಮಾಹಿತಿಯಲ್ಲೇ ಬರೆದಿದೆ. ಚಟ ಹಿಡಿಸುವ ಸಾಧ್ಯತೆಯಿರುವ ಉತ್ತೇಜಕ ಅದು. ಅಪಸ್ಮಾರಕ್ಕೂ ಅರೆತಲೆನೋವಿಗೂ ಬಳಸುವ ಟೋಪಿರಮೇಟ್ ಬಿಂಜನ್ನೂ ತೂಕವನ್ನೂ ತಗ್ಗಿಸುತ್ತದೆ. ಆದರೆ ಕೈಕಾಲು ಜುಮ್ಮೆನ್ನುತ್ತದೆ, ಮಾತಿನ ಮಧ್ಯೆ ಪದ ಸಿಗುವುದಿಲ್ಲ, ಗರ್ಭಿಣಿಯರು ತೆಗೆದುಕೊಂಡರೆ ಮಗುವಿಗೆ ಸೀಳುತುಟಿಯಂಥ ತೊಂದರೆಯಾಗುವ ಅಪಾಯ ಹೆಚ್ಚುತ್ತದೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದ ಬಿಂಜ್ ಸ್ವಲ್ಪ ಕಡಿಮೆಯಾಗಬಹುದು, ತೂಕ ಇಳಿಯುವುದಿಲ್ಲ. ಇದರ ಮಗ್ಗುಲಿನ ಇನ್ನೊಂದು ಸಂಗತಿ: ಮಿರ್ಟಜಪಿನ್, ವ್ಯಾಲ್‌ಪ್ರೊಯೇಟ್, ಓಲಂಜಪಿನ್, ಇನ್ಸುಲಿನ್ ಮುಂತಾದವು ತೂಕ ಏರಿಸಬಲ್ಲವು. ಚಿಕಿತ್ಸೆಯ ನಡುವೆ ತೂಕ ಏರಿತೆಂದರೆ ರೋಗಿಯನ್ನು ಅನುಮಾನಿಸುವ ಮುಂಚೆ ಔಷಧದ ಚೀಟಿ ನೋಡಬೇಕು, ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು.

ಸೆಮಗ್ಲುಟೈಡ್, ಟಿರ್ಜೆಪಟೈಡ್ ಎಂಬ ಚುಚ್ಚುಮದ್ದುಗಳ ಬಗ್ಗೆ ಇವತ್ತು ಕೇಳದವರಿಲ್ಲ. 2025ರಲ್ಲಿ ಇವುಗಳ ಬ್ರ್ಯಾಂಡ್‌ಗಳಾದ ಮೌಂಜಾರೊ ಮತ್ತು ವೆಗೊವಿ ಭಾರತದ ಮಾರುಕಟ್ಟೆಗೆ ಬಂದ ಮೇಲೆ ನನ್ನ ರೋಗಿಗಳೂ ಕೇಳುತ್ತಿದ್ದಾರೆ. 2021ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ ಸೆಮಗ್ಲುಟೈಡ್ ಪಡೆದವರ ತೂಕ 68 ವಾರದಲ್ಲಿ ಸರಾಸರಿ ಶೇ. 14.9 ಇಳಿಯಿತು. ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಭಾಗ ಮರಳಿ ಬಂತು. ತಲೆಯೊಳಗೆ ಸದಾ ಕೇಳುತ್ತಿದ್ದ ತಿನ್ನುವ ಗದ್ದಲ ನಿಂತಿತು ಎಂದು ಕೆಲವರು ಹೇಳುವುದು ನಿಜ, ನಾನದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಇವು ಬಿಂಜ್ ಕಾಯಿಲೆಗೆಂದು ಒಪ್ಪಿಗೆ ಪಡೆದ ಔಷಧಗಳಲ್ಲ. ಹಸಿವು ಅಡಗಿದ್ದನ್ನೇ ನೆಪ ಮಾಡಿಕೊಂಡು ಇಡೀ ದಿನ ಉಪವಾಸವಿರುವವರಿಗೆ, ದುಃಖವಾದಾಗ ತಿನ್ನುವುದನ್ನು ಬಿಟ್ಟು ಬೇರೆ ಆಸರೆ ಕಲಿಯದವರಿಗೆ, ಚುಚ್ಚುಮದ್ದು ನಿಂತ ದಿನ ಹಳೆಯ ಕಷ್ಟ ಹಾಗೆಯೇ ಕಾದಿರುತ್ತದೆ. ಕೊಡುವುದಾದರೆ ಊಟದ ಕ್ರಮ ಮತ್ತು ಮನಸ್ಸಿನ ಚಿಕಿತ್ಸೆ ಜೊತೆಗಿರಲಿ.

ಇಷ್ಟು ಹೇಳಿದ ಮೇಲೆ, ತೂಕವನ್ನು ಮರೆತೇಬಿಡಿ ಎನ್ನುತ್ತಿದ್ದೇನೆಂದು ಯಾರೂ ತಿಳಿಯಬಾರದು. ನಮ್ಮ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದ ಸಮೀಕ್ಷೆ 2023ರಲ್ಲಿ ಅಂದಾಜು ಮಾಡಿದೆ. ಭಾರತೀಯರಿಗೆ ಕಡಿಮೆ ತೂಕದಲ್ಲೇ ಈ ಅಪಾಯ ಶುರುವಾಗುತ್ತದೆ, ಆದ್ದರಿಂದಲೇ ನಮ್ಮಲ್ಲಿ ದೇಹತೂಕ ಸೂಚ್ಯಂಕ 25 ದಾಟಿದರೆ ಬೊಜ್ಜು ಎನ್ನುತ್ತೇವೆ. ಮಂಡಿನೋವು, ರಕ್ತದೊತ್ತಡ, ನಿದ್ರೆಯಲ್ಲಿ ಉಸಿರುಕಟ್ಟುವಿಕೆ ಇರುವವರಿಗೆ ತೂಕ ಇಳಿದರೆ ಉಪಕಾರವಾಗುತ್ತದೆ. ನನ್ನ ವಾದ ಅನುಕ್ರಮದ್ದು. ಮೊದಲು ಊಟದ ಹೊತ್ತು ಸ್ಥಿರವಾಗಲಿ, ಬಿಂಜ್ ನಿಲ್ಲಲಿ, ಕೆಲವು ತಿಂಗಳು ಹಾಗೆಯೇ ನಡೆಯಲಿ. ಬೇಕಿದ್ದರೆ ಆಮೇಲೆ ನಿಧಾನವಾಗಿ ತೂಕದ ಕೆಲಸಕ್ಕೆ ಕೈ ಹಾಕೋಣ. ಸಕ್ಕರೆ ಕಾಯಿಲೆ ಇರುವವರ ವಿಷಯದಲ್ಲಂತೂ ಈ ಅನುಕ್ರಮ ಪ್ರಾಣ ಉಳಿಸುವಂಥದ್ದು. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಕೆಲವು ಮಾತ್ರೆ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಕುಸಿಯುತ್ತದೆ. ಕುಸಿದಾಗ ನಡುಗುತ್ತ ಸಿಕ್ಕಿದ್ದನ್ನು ತಿನ್ನಬೇಕಾಗುತ್ತದೆ, ಅದು ಬಿಂಜ್‌ಗೆ ತಿರುಗುತ್ತದೆ, ಮರುದಿನ ಪರೀಕ್ಷೆಯಲ್ಲಿ ಸಕ್ಕರೆ ಏರಿರುತ್ತದೆ, ವೈದ್ಯರು ಬೈಯುತ್ತಾರೆ, ರೋಗಿ ಮತ್ತೆ ಊಟ ಬಿಡುತ್ತಾರೆ. ಬೊಜ್ಜಿನ ಶಸ್ತ್ರಚಿಕಿತ್ಸೆಯ ನಂತರವೂ ಹಿಡಿತ ತಪ್ಪಿ ತಿನ್ನುವುದು ಮುಂದುವರಿದವರಲ್ಲಿ ತೂಕ ಕಡಿಮೆ ಇಳಿಯುತ್ತದೆ, ಮರಳಿ ಬರುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ.

ಮನೆಯವರ ಬಗ್ಗೆ ಒಂದೆರಡು ಮಾತು. "ಆರು ತಿಂಗಳಿಂದ ಆಸ್ಪತ್ರೆಗೆ ಓಡಾಡ್ತಿದ್ದೀಯ, ಇನ್ನೂ ಹಾಗೇ ಇದ್ದೀಯಲ್ಲೇ" ಎಂದು ಅತ್ತೆಯೋ ಅಮ್ಮನೋ ಆಡುವ ಮಾತಿನಲ್ಲಿ ಕಾಳಜಿಯೂ ಇರಬಹುದು. ಕೇಳಿಸಿಕೊಳ್ಳುವವರಿಗೆ ಅದು ತೀರ್ಪು. ಫ್ರಿಜ್‌ಗೆ ಬೀಗ ಹಾಕುವುದು, ತಟ್ಟೆಯ ಚಪಾತಿ ಎಣಿಸುವುದು, ಗಂಡಿನ ಕಡೆಯವರು ಬರುವುದರೊಳಗೆ ಐದು ಕಿಲೋ ಇಳಿಸು ಎನ್ನುವುದು, ಇವೆಲ್ಲ ಕದ್ದು ತಿನ್ನುವುದನ್ನು ಹೆಚ್ಚಿಸುತ್ತವೆ. ಮನೆಯವರು ಮಾಡಬಹುದಾದ ದೊಡ್ಡ ಸಹಾಯ ಜೊತೆಯಲ್ಲಿ ಕೂತು ಊಟ ಮಾಡುವುದು, ಮೈಯ ಬಗ್ಗೆ ಮಾತಾಡದಿರುವುದು. ಏಕಾದಶಿ, ಸಂಕಷ್ಟಿ, ಶ್ರಾವಣದ ವ್ರತ, ರಂಜಾನಿನ ಉಪವಾಸ ಇವುಗಳ ಬಗ್ಗೆ ರೋಗಿಗಳು ಸಂಕೋಚದಿಂದ ಕೇಳುತ್ತಾರೆ. ಚಿಕಿತ್ಸೆಯ ಮೊದಲ ತಿಂಗಳುಗಳಲ್ಲಿ ಪೂರ್ತಿ ಉಪವಾಸ ಬೇಡ ಎಂದು ನಾನು ಹೇಳುತ್ತೇನೆ. ಕಾಯಿಲೆಯವರಿಗೆ ವಿನಾಯಿತಿ ಕೊಡದ ಸಂಪ್ರದಾಯವನ್ನು ನಾನು ಕಂಡಿಲ್ಲ.

ಚೇತರಿಕೆಯನ್ನು ಅಳೆಯಲು ಬೇರೆ ಅಳತೆಗಳಿವೆ. ಕಳೆದ ತಿಂಗಳು ಬಿಂಜ್ ಎಷ್ಟು ಸಲ ಆಯಿತು, ಈ ತಿಂಗಳು ಎಷ್ಟು? ಬಿಂಜ್ ಆದ ಮರುದಿನ ತಿಂಡಿ ತಿಂದರೋ ಬಿಟ್ಟರೋ? ವರ್ಷಗಳಿಂದ ತಪ್ಪಿಸಿಕೊಳ್ಳುತ್ತಿದ್ದ ಮದುವೆಯೂಟಕ್ಕೆ ಹೋಗಿ ಪಂಕ್ತಿಯಲ್ಲಿ ಕೂತರೇ? ಮೂರು ತಿಂಗಳ ಸರಾಸರಿ ಸಕ್ಕರೆ ಎಷ್ಟಾಯಿತು? ಬೇಕರಿಗೂ ಮೊಬೈಲ್ ಆರ್ಡರ್‌ಗೂ ಸುರಿಯುತ್ತಿದ್ದ ದುಡ್ಡು ಉಳಿಯಿತೇ? ಈ ಪಟ್ಟಿಯಲ್ಲಿ ತೂಕಕ್ಕೂ ಒಂದು ಸಾಲು ಇರಲಿ, ಒಂದೇ ಸಾಲು.

ಕೊನೆಯದಾಗಿ, ನಮ್ಮ ರಾಜ್ಯದ ವಿಷಯ. ಇಂಥ ಕಾಯಿಲೆಗಳು ನಮ್ಮಲ್ಲಿಲ್ಲ ಎನ್ನುವ ಕಾಲ ಹೋಯಿತು. ಬೆಂಗಳೂರಿನ ಮನೋವೈದ್ಯರನ್ನು ಕೇಳಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಉತ್ತರಿಸಿದವರ ಪೈಕಿ ಸುಮಾರು ಮೂರನೇ ಎರಡರಷ್ಟು ಮಂದಿ ತಿನ್ನುವುದಕ್ಕೆ ಸಂಬಂಧಿಸಿದ ಕಾಯಿಲೆಯ ರೋಗಿಯನ್ನು ಕಂಡಿರುವುದಾಗಿ ಹೇಳಿದ್ದರು. ಚಿಕಿತ್ಸೆಗೆ ದಾರಿಯೂ ಇದೆ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ ಮುಂದೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ, ದೇಹದ ಕಾಯಿಲೆಗಿರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದು ವಿಧಿಸಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು.

ಇಲ್ಲದಿರುವುದು ಹಳ್ಳಿ, ತಾಲ್ಲೂಕಿನ ಮಟ್ಟದಲ್ಲಿ ಈ ಚಿಕಿತ್ಸೆ ಕೊಡಬಲ್ಲ ಕೈಗಳು. ಇದಕ್ಕೆ ಪರಿಹಾರ ಕಷ್ಟವಲ್ಲ. ನಾನು ಆಗಲೇ ಹೇಳಿದ ಇಂಗ್ಲೆಂಡಿನ ಮಾರ್ಗಸೂಚಿ ಈ ಕಾಯಿಲೆಗೆ ಮೊದಲ ಹೆಜ್ಜೆಯಾಗಿ ಸೂಚಿಸುವುದು ಮಾರ್ಗದರ್ಶನದ ಸ್ವಸಹಾಯ: ರೋಗಿ ಒಂದು ಕೈಪಿಡಿ ಓದಿ ಅದರಂತೆ ನಡೆಯುವುದು, ಹದಿನಾರು ವಾರದಲ್ಲಿ ನಾಲ್ಕರಿಂದ ಒಂಬತ್ತು ಸಲ, ಸಲಕ್ಕೆ ಇಪ್ಪತ್ತು ನಿಮಿಷದಷ್ಟು, ತರಬೇತಿ ಪಡೆದ ಒಬ್ಬರ ಬೆಂಬಲ ಸಿಗುವುದು. ಆ ಒಬ್ಬರು ಮನೋವೈದ್ಯರೇ ಆಗಬೇಕಿಲ್ಲ. ನರ್ಸ್, ಆಪ್ತಸಮಾಲೋಚಕರು, ಆಹಾರತಜ್ಞರು ಕಲಿತು ಮಾಡಬಹುದು. ನಮಗೆ ಬೇಕಾಗಿರುವುದು ಮುದ್ದೆ, ಅಕ್ಕಿರೊಟ್ಟಿ, ಚಿತ್ರಾನ್ನ, ಜೋಳದ ರೊಟ್ಟಿಯ ಲೆಕ್ಕದಲ್ಲಿ ದಿನದ ಊಟದ ಕ್ರಮ ಹೇಳುವ, ವ್ರತ, ಹಬ್ಬ, ಹಾಸ್ಟೆಲ್ ಮೆಸ್, ರಾತ್ರಿ ಪಾಳಿಯ ಕೆಲಸ ಎಲ್ಲವನ್ನೂ ಗಮನದಲ್ಲಿಟ್ಟ, ತೂಕದ ಬಗ್ಗೆ ಮೊದಲ ಅಧ್ಯಾಯದಲ್ಲೇ ಸತ್ಯ ಹೇಳುವ ಒಂದು ಕನ್ನಡ ಕೈಪಿಡಿ. ಇಲ್ಲಿ ಕೂತಿರುವ ನರ್ಸಿಂಗ್ ಮತ್ತು ಮನಶ್ಶಾಸ್ತ್ರದ ವಿದ್ಯಾರ್ಥಿಗಳಲ್ಲಿ ಈ ಕೆಲಸಕ್ಕೆ ಕೈಜೋಡಿಸಲು ಮನಸ್ಸಿರುವವರು ಸಭೆ ಮುಗಿದ ಮೇಲೆ ದಯವಿಟ್ಟು ನನ್ನನ್ನು ಕಾಣಬೇಕು. ಮೊದಲ ಅಧ್ಯಾಯದ ಕರಡನ್ನು ಈ ವರ್ಷವೇ ಮುಗಿಸೋಣ.